ಊರ ಹೊರಗಿನ ಬಡಾವಣೆಯ ವಾಸ

ಬೆಂಗಳೂರಿನಲ್ಲಿ ಸ್ವಂತ ಮನೆಯಿಲ್ಲದ ಗೃಹಸ್ಥನು ಹತ್ತು ವರ್ಷ ಉದ್ಯೋಗ ಮಾಡಿ ನಾಲ್ಕು ಕಾಸು ಕೂಡಿಟ್ಟನೆಂದರೆ ಅವನ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಮಲ್ಲೇಶ್ವರದಲ್ಲಿಯೋ ಬಸವನಗುಡಿಯಲ್ಲಿಯೋ ಎರಡು ಕೊಠಡಿಗಳ ಮನೆಗೆ ಬಾಡಿಗೆ ತೆತ್ತುಕೊಂಡೇ ಕಾಲ ಕಳೆಯುವುದೋ, ಅಥವಾ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು ದೂರದಲ್ಲಿ ಸಾಲ ಮಾಡಿಯಾದರೂ ಒಂದು ಸೈಟನ್ನೋ ಫ್ಲ್ಯಾಟನ್ನೋ ಕೊಂಡು ತನ್ನದೆಂಬ ಬಾಗಿಲೊಳಗೆ ಮಲಗುವುದೋ? ನಮ್ಮ ಓದುಗರಲ್ಲಿ ಬಹುಮಂದಿ ಈ ಪ್ರಶ್ನೆಯನ್ನು ಒಂದಲ್ಲ ಒಂದು ದಿನ ಎದುರಿಸಿದವರೇ ಆಗಿದ್ದಾರೆ. ಸಲಹೆ ಕೊಡುವವರಿಗೆ ಬರಗಾಲವೇನೂ ಇಲ್ಲ. ನಿವೇಶನ ಮಾರುವವರ ಬಣ್ಣದ ಕರಪತ್ರದ ಪ್ರಕಾರ ವಿಮಾನ ನಿಲ್ದಾಣವೂ ಶಾಲೆಯೂ ಆಸ್ಪತ್ರೆಯೂ ಎಲ್ಲವೂ ಹತ್ತು ನಿಮಿಷದ ದಾರಿ. ಪೇಟೆಯಲ್ಲಿಯೇ ಹುಟ್ಟಿ ಬೆಳೆದ ಮಾವಂದಿರ ಪ್ರಕಾರ ಕಾರ್ಪೊರೇಷನ್ ಕಟ್ಟಡದಿಂದ ಆಚೆಗೆ ನಾಲ್ಕು ಮೈಲಿ ಕಳೆದರೆ ಇರುವುದೆಲ್ಲವೂ ಕಾಡು. ಈ ಎರಡು ಮಾತುಗಳನ್ನೂ ಬದಿಗಿಟ್ಟು ವಿಷಯವನ್ನು ಸ್ವಲ್ಪ ಸಾವಧಾನವಾಗಿ ಪರಾಮರ್ಶಿಸುವುದು ಮೇಲೆಂದು ನಮಗೆ ತೋರುತ್ತದೆ.

ಮೊದಲು ಒಂದು ಸಂಗತಿ ಜ್ಞಾಪಕದಲ್ಲಿರಬೇಕು. ಇಂದು ನಾವು ಊರ ಹೃದಯವೆಂದು ಕರೆಯುವ ಭಾಗಗಳೇ ಒಂದು ಕಾಲಕ್ಕೆ ಊರ ಹೊರಗಾಗಿದ್ದುವು. 1898ರಲ್ಲಿ ಪ್ಲೇಗುಮಾರಿ ಬೆಂಗಳೂರಿಗೆ ಬಂದು ಹಳೆಯ ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಜನ ಸಾಯತೊಡಗಿದ ಮೇಲೆ, ಸರ್ಕಾರದವರು ಉತ್ತರಕ್ಕೆ ಮಲ್ಲೇಶ್ವರವನ್ನೂ ದಕ್ಷಿಣಕ್ಕೆ ಬಸವನಗುಡಿಯನ್ನೂ ಹೊಸ ಬಡಾವಣೆಗಳಾಗಿ ನಿರ್ಮಿಸಿದರು. ಮಲ್ಲೇಶ್ವರದ ದೇವರಿಗೆ ‘ಕಾಡು’ ಎಂಬ ವಿಶೇಷಣ ಅಂಟಿಕೊಂಡಿರುವುದೇ ಆ ಸ್ಥಳದ ಪೂರ್ವಸ್ಥಿತಿಗೆ ಸಾಕ್ಷಿ. ದೊಡ್ಡ ಬಸವಣ್ಣನ ಸುತ್ತಮುತ್ತ ಇದ್ದುದು ಸುಂಕೇನಹಳ್ಳಿಯ ಕಡಲೆಕಾಯಿ ಹೊಲಗಳು. ಐವತ್ತು ವರ್ಷಗಳ ತರುವಾಯ, 1948ರ ಆಗಸ್ಟಿನಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರ್ಯರು ಜಯನಗರಕ್ಕೆ ಅಸ್ತಿಭಾರವನ್ನಿಟ್ಟರು. ಇಂದು ಅಲ್ಲಿ ಒಂದು ಸೈಟು ದೊರೆಯುವುದೆಂದರೆ ಕೋಟಿಗಳ ಮಾತು. ಆದಕಾರಣ ದೂರವೆಂಬ ಒಂದೇ ಕಾರಣದಿಂದ ಹೊರಗಿನ ಬಡಾವಣೆಯನ್ನು ಜರೆಯುವುದು ನ್ಯಾಯವಲ್ಲ.

ಆದರೆ ಹಿಂದಿನ ಬಡಾವಣೆಗಳಿಗೂ ಇಂದಿನವುಗಳಿಗೂ ಒಂದು ಮುಖ್ಯವಾದ ಭೇದವಿದೆ, ಮತ್ತು ನಮ್ಮ ಅಭಿಪ್ರಾಯದಲ್ಲಿ ಹೊರಗಿನ ವಾಸದ ಸುಖದುಃಖಗಳೆಲ್ಲ ಈ ಒಂದು ಭೇದವನ್ನೇ ಅವಲಂಬಿಸಿವೆ. ಹಿಂದೆ ಮೊದಲು ನಕ್ಷೆ ಆಗುತ್ತಿದ್ದಿತು. ಅನಂತರ ರಸ್ತೆ, ಮೋರಿ, ಅದರ ಮೇಲೆ ನಿವೇಶನಗಳ ಹಂಚಿಕೆ, ಕಡೆಗೆ ಜನ. ಬಸವನಗುಡಿಯ ಅಗಲವಾದ ರಸ್ತೆಗಳನ್ನೂ, ಮನೆಗಳ ಹಿಂದೆ ನೈರ್ಮಲ್ಯಕ್ಕಾಗಿ ಬಿಟ್ಟ ಸಣ್ಣ ಓಣಿಗಳನ್ನೂ, ಮಧ್ಯದ ಉದ್ಯಾನವನ್ನೂ ಇಂದಿಗೂ ಯಾರಾದರೂ ಹೋಗಿ ನೋಡಬಹುದು. ಹೆಸರಘಟ್ಟದ ಕೆರೆಯಿಂದ ಕೊಳಾಯಿ ನೀರು ತರುವ ಕೆಲಸ ಪ್ಲೇಗಿಗೆ ಎರಡು ವರ್ಷ ಮೊದಲೇ ಆಗಿದ್ದಿತು. ಆ ನಕ್ಷೆಯಲ್ಲಿ ಎಲ್ಲವೂ ಶ್ಲಾಘ್ಯವೆಂದು ನಾವು ಹೇಳುವುದಿಲ್ಲ. ಜಾತಿಜಾತಿಗೆ ಬೇರೆ ಬೇರೆ ಭಾಗಗಳನ್ನು ಗುರುತು ಮಾಡಿದ್ದ ಕಲಂಕ ಅದಕ್ಕಿದೆ. ಆದರೂ ಮನುಷ್ಯನು ಬಂದು ಇಳಿಯುವುದಕ್ಕೆ ಮುಂಚೆ ಅವನ ಬಚ್ಚಲ ನೀರು ಎಲ್ಲಿಗೆ ಹೋಗಬೇಕೆಂಬುದನ್ನು ಯೋಚಿಸಿದ್ದರು.

ಈಗ ಕ್ರಮ ತಿರುವುಮುರುವಾಗಿದೆ. ಮೊದಲು ಜಮೀನು ಮಾರಾಟವಾಗುತ್ತದೆ. ಆಮೇಲೆ ಮನೆ ಏಳುತ್ತದೆ. ಆಮೇಲೆ ಜನ ಬರುತ್ತಾರೆ. ರಸ್ತೆ, ನೀರು, ಒಳಚರಂಡಿಗಳು ಅರ್ಜಿಗಳ ಬೆನ್ನು ಹಿಡಿದು ಹತ್ತಾರು ವರ್ಷಗಳ ಮೇಲೆ ಬರುತ್ತವೆ. ಇದಕ್ಕೆ ದೂರದ ನಿದರ್ಶನ ಬೇಕಾಗಿಲ್ಲ. 2007ರಲ್ಲಿ ಏಳು ನಗರಸಭೆಗಳನ್ನೂ, ಕೆಂಗೇರಿಯ ಪುರಸಭೆಯನ್ನೂ, 110 ಹಳ್ಳಿಗಳನ್ನೂ ಬೆಂಗಳೂರಿಗೆ ಸೇರಿಸಿ ಬೃಹತ್ ಮಹಾನಗರ ಪಾಲಿಕೆಯನ್ನು ರಚಿಸಿದರು. ತೆರಿಗೆಯ ಪುಸ್ತಕ ಆ ಹಳ್ಳಿಗಳಿಗೆ ಬೇಗನೆಯೇ ಹೋಯಿತು. ಕಾವೇರಿಯ ನೀರು ಅವುಗಳಿಗೆಂದೇ ಮಾಡಿದ ಐದನೆಯ ಹಂತದ ಯೋಜನೆಯ ಮೂಲಕ ಹೊರಟಿದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಕಳೆದುವು ಹದಿನೇಳು ವರ್ಷಗಳು. ಸೇರ್ಪಡೆಯ ವರ್ಷ ಹುಟ್ಟಿದ ಮಗುವು ಕಾಲೇಜಿಗೆ ಸೇರುವ ವೇಳೆಗೆ ಕೊಳಾಯಿ ಬಂದಂತಾಯಿತು.

ಹೊರಗಿನ ವಾಸದಲ್ಲಿ ಲಾಭವಿಲ್ಲವೆಂದು ಹೇಳುವುದು ಮಾತ್ರ ಸತ್ಯಕ್ಕೆ ದೂರ. ಒಳಗಿನ ಊರಿನಲ್ಲಿ ಒಂದು ಕೊಠಡಿಗೆ ತೆರುವ ಹಣಕ್ಕೆ ಅಲ್ಲಿ ಎರಡು ಮೂರು ಕೊಠಡಿಗಳು ದೊರೆಯುತ್ತವೆ. ಗೋಡೆಗೆ ಗೋಡೆ ತಾಗದ ಮನೆ, ಬೆಳಕು ಬೀಳುವ ಅಡಿಗೆಮನೆ, ಬಟ್ಟೆ ಒಣಗಿಸುವುದಕ್ಕೆ ಬಿಸಿಲು, ತುಳಸಿಯ ಕಟ್ಟೆಯ ಪಕ್ಕದಲ್ಲಿ ಒಂದು ಕರಿಬೇವಿನ ಗಿಡ, ಇವು ಸಣ್ಣ ಸುಖಗಳಲ್ಲ. ಬಾಡಿಗೆಯ ಮನೆಯಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯಲೂ ಮಾಲೀಕನ ಮುಖ ನೋಡಿದವನಿಗೆ ಸ್ವಂತ ಮನೆಯ ಸುಖವೇನೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಹನ್ನೊಂದು ತಿಂಗಳಿಗೊಮ್ಮೆ ಕರಾರನ್ನು ಹೊಸದು ಮಾಡುವ ಚಿಂತೆಯಿಲ್ಲದೆ ಮಕ್ಕಳು ಒಂದೇ ಶಾಲೆಯಲ್ಲಿ ಓದಿ ಮುಗಿಸುವುದಾದರೆ ಅದರ ಬೆಲೆಯನ್ನು ರೂಪಾಯಿಗಳಲ್ಲಿ ಕಟ್ಟಲಾಗದು.

ಇನ್ನೊಂದು ಮಾತು. ಉದ್ಯೋಗವೇ ಹೊರಗಿದ್ದರೆ ಹೊರಗೇ ಒಳಗಾಗುತ್ತದೆ. ವೈಟ್‌ಫೀಲ್ಡನ್ನು ತೆಗೆದುಕೊಳ್ಳಿ. 1882ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದವರು ಚಾಮರಾಜೇಂದ್ರ ಒಡೆಯರವರಿಂದ ಭೂಮಿ ಪಡೆದು ಮಾಡಿಕೊಂಡ ಒಕ್ಕಲುತನದ ನೆಲೆ ಅದು. ನೂರು ವರ್ಷಗಳ ಮೇಲೂ ಮೌನವಾಗಿದ್ದ ಆ ಊರಿಗೆ 1990ರ ದಶಕದಲ್ಲಿ ಕಂಪ್ಯೂಟರ್ ಕಚೇರಿಗಳು ಬಂದುವು. ಅಲ್ಲಿ ಕೆಲಸ ಮಾಡುವವನಿಗೆ ಕಾಡುಗೋಡಿಯಲ್ಲಿ ಮನೆಯಿರುವುದು ಅನುಕೂಲ, ಬಸವನಗುಡಿಯಲ್ಲಿರುವುದೇ ವನವಾಸ. ಅಂತೆಯೇ ಎಲೆಕ್ಟ್ರಾನಿಕ್ ಸಿಟಿಯ ನೌಕರನಿಗೆ ಬೊಮ್ಮಸಂದ್ರ. ಮೆಟ್ರೋ ರೈಲು ಈ ಲೆಕ್ಕವನ್ನು ಮತ್ತಷ್ಟು ಬದಲಾಯಿಸಿದೆ. 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ 43 ಕಿಲೋಮೀಟರಿಗೂ ಮೀರಿದ ನೇರಳೆ ಮಾರ್ಗ ಪೂರ್ತಿಯಾಯಿತು. 2024ರ ನವೆಂಬರಿನಲ್ಲಿ ಹಸಿರು ಮಾರ್ಗ ಮಾದಾವರವನ್ನು ಮುಟ್ಟಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರಕ್ಕೆ ಓಡಿತು. ನಿಲ್ದಾಣದಿಂದ ನಡೆದು ಮನೆ ಸೇರಬಲ್ಲವನು ಅದೃಷ್ಟಶಾಲಿ. ನಿಲ್ದಾಣದಿಂದ ಮೂರು ನಾಲ್ಕು ಕಿಲೋಮೀಟರು ಒಳಗಿರುವವನ ಸ್ಥಿತಿ ಬೇರೆ: ರೈಲಿನಲ್ಲಿ ಉಳಿಸಿದ ಹೊತ್ತನ್ನೂ ಹಣವನ್ನೂ ಅವನು ಆಟೋದವನೊಡನೆ ಚೌಕಾಸಿ ಮಾಡುವುದರಲ್ಲಿ ಕಳೆಯುತ್ತಾನೆ.

ಮೆಟ್ರೋ ಮುಟ್ಟದ ಕಡೆಗಳಲ್ಲಿ ಕಾಲದ ನಷ್ಟ ಎಷ್ಟೆಂಬುದನ್ನು ಕಾಗದ ಹಿಡಿದು ಗುಣಿಸಿದವರು ಕಡಮೆ. ಮನೆಯಿಂದ ಕಚೇರಿಗೆ ಒಂದೂಕಾಲು ಗಂಟೆ, ಹಿಂದಿರುಗಲು ಅಷ್ಟೇ ಎಂದಿಟ್ಟುಕೊಳ್ಳೋಣ. ವರ್ತುಲ ರಸ್ತೆಯ ಸಂಜೆಯನ್ನು ಬಲ್ಲವರು ಇದನ್ನು ಅತಿಶಯವೆನ್ನಲಾರರು. ವರ್ಷಕ್ಕೆ 250 ಕೆಲಸದ ದಿನಗಳಾದರೆ 625 ಗಂಟೆ. ಇಪ್ಪತ್ತು ವರ್ಷದ ಗೃಹಸಾಲ ತೀರುವ ವೇಳೆಗೆ 12,500 ಗಂಟೆ, ಎಂದರೆ ಹಗಲು ರಾತ್ರಿ ಕೂಡಿ 520 ದಿವಸಗಳಿಗೂ ಮೀರಿ ದಾರಿಯಲ್ಲಿ ಕಳೆದಂತಾಯಿತು. ಬಡ್ಡಿಯನ್ನು ಪೈಸೆಗೆ ಪೈಸೆ ಲೆಕ್ಕ ಹಾಕುವ ಗೃಹಸ್ಥನು ಈ ಇನ್ನೊಂದು ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಅದಕ್ಕಿಂತ ದೊಡ್ಡ ತಪ್ಪೆಂದರೆ ಅವನು ತನ್ನೊಬ್ಬನ ಪ್ರಯಾಣವನ್ನು ಮಾತ್ರ ಎಣಿಸುವುದು. ಮನೆಯಲ್ಲಿ ಇರುವವರು ಅವನೊಬ್ಬನೇ ಅಲ್ಲವಷ್ಟೆ. ಹೆಂಡತಿಯೂ ಉದ್ಯೋಗಸ್ಥೆಯಾಗಿದ್ದರೆ ಸಂಜೆ ಏಳರ ಮೇಲೆ ದೀಪವಿಲ್ಲದ ರಸ್ತೆಯಲ್ಲಿ ಬಸ್ಸಿಳಿದು ನಡೆಯಬೇಕಾದವಳು ಅವಳು. ಉದ್ಯೋಗಸ್ಥೆಯಲ್ಲದಿದ್ದರೆ ಹಗಲೆಲ್ಲ ನೆರೆಹೊರೆಯಿಲ್ಲದ ಮನೆಯಲ್ಲಿ ನೀರಿನ ಗಾಡಿಯವನಿಗಾಗಿಯೂ ವಿದ್ಯುತ್ತಿಗಾಗಿಯೂ ಕಾಯಬೇಕಾದವಳೂ ಅವಳೇ. ಮಗಳ ಸಂಗೀತದ ಪಾಠ ದೂರದ ಕಾರಣದಿಂದ ನಿಂತುಹೋಗುತ್ತದೆ. ಊರೊಳಗಿದ್ದಾಗ ಪ್ರತಿ ಸಂಜೆ ಗಾಂಧಿಬಜಾರಿನವರೆಗೆ ನಡೆದು, ನಾಲ್ಕು ಜನ ಸಮವಯಸ್ಕರೊಡನೆ ಕಟ್ಟೆಯ ಮೇಲೆ ಕುಳಿತು ಬರುತ್ತಿದ್ದ ವೃದ್ಧ ತಂದೆಗೆ ಹೊಸ ಬಡಾವಣೆಯಲ್ಲಿ ನಡೆಯಲು ಕಾಲುಹಾದಿಯಿಲ್ಲ, ಮಾತಿಗೆ ಜನವಿಲ್ಲ. ರಾತ್ರಿ ಅವರಿಗೆ ಎದೆನೋವು ಬಂತೆಂದರೆ ವಿಕ್ಟೋರಿಯಾ, ಜಯದೇವ ಮೊದಲಾದ ಸರ್ಕಾರದ ದೊಡ್ಡ ಆಸ್ಪತ್ರೆಗಳೆಲ್ಲ ಒಳಗಿನ ಊರಿನಲ್ಲಿಯೇ ಇವೆ. ಮನೆಗೆಲಸಕ್ಕೆ ಬರುವ ಹೆಂಗಸಿನ ಪಾಡನ್ನಂತೂ ಯಾವ ಕರಪತ್ರವೂ ಹೇಳುವುದಿಲ್ಲ. ನಾವು ಬಸ್ಸಿಲ್ಲವೆಂದು ಗೊಣಗಿ ಕಾರು ಕೊಳ್ಳುತ್ತೇವೆ, ಅವಳು ನಡೆಯುತ್ತಾಳೆ.

ಇನ್ನು ನೀರಿನ ವಿಷಯ. ಬೆಂಗಳೂರು ನದಿಯ ದಂಡೆಯ ಮೇಲಿನ ಊರಲ್ಲ. ಕಾವೇರಿಯನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧಿಮಾಡಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲಕ್ಕೆತ್ತಿ, ಸುಮಾರು 100 ಕಿಲೋಮೀಟರು ದೂರ ನೂಕಿಕೊಂಡು ಬರಬೇಕು. ಹೀಗೆ ಬಂದ ನೀರು ಒಳಗಿನ ಊರಿಗೆ ಮೊದಲು ಸಲ್ಲುತ್ತಿದ್ದಿತು. ಹೊರಗಿನವರಿಗೆ ಕೊಳವೆಬಾವಿಯೇ ಗತಿಯಾಗಿದ್ದಿತು. 2024ರ ಬೇಸಗೆಯಲ್ಲಿ ಊರಿನ ಸುಮಾರು 14,000 ಸಾರ್ವಜನಿಕ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿಹೋದುವೆಂದು ಸರ್ಕಾರವೇ ಒಪ್ಪಿಕೊಂಡಿತು. ಆಗ ಟ್ಯಾಂಕರಿನವರು ಹೇಳಿದ್ದೇ ಬೆಲೆಯಾಯಿತು. ಜಿಲ್ಲಾಡಳಿತವು ಮಧ್ಯೆ ಪ್ರವೇಶಿಸಿ, ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ದರ ಗೊತ್ತುಮಾಡಬೇಕಾಯಿತು. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಸಂಸಾರಕ್ಕೆ ತಿಂಗಳಿಗೆ ಸುಮಾರು 16,000 ಲೀಟರು ಬೇಕು. ಸರ್ಕಾರದ ಆ ದರದಲ್ಲಿಯೇ ಕೊಂಡರೂ ಸಣ್ಣ ಗಾಡಿಗಳು ಮೂರು, ಹಣ 1,800 ರೂಪಾಯಿ. ಇದು ಕಾವೇರಿಯ ಬಿಲ್ಲಿನ ಹಲವು ಪಟ್ಟು. ಬಡಾವಣೆ ಹೊರಗಾದಷ್ಟೂ ನೀರು ದುಬಾರಿ, ಮತ್ತು ಅದನ್ನು ಕೊಳ್ಳುವವನು ಒಳಗಿನ ಊರಿನ ಬಾಡಿಗೆಗೆ ಅಂಜಿ ಹೊರಟವನು!

ಐದನೆಯ ಹಂತದಿಂದ ದಿನಕ್ಕೆ 77 ಕೋಟಿ 50 ಲಕ್ಷ ಲೀಟರು ಒದಗುವುದೆಂಬುದು ನಿಶ್ಚಯವಾಗಿಯೂ ಸಂತೋಷದ ಸಂಗತಿ. ಆದರೆ ರಸ್ತೆಯಲ್ಲಿ ಕೊಳಾಯಿ ಬಂದುದರಿಂದ ಮನೆಯಲ್ಲಿ ನೀರು ಬಂದಂತಾಗಲಿಲ್ಲ. ಸಂಪರ್ಕಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ.

ಬಂದ ನೀರು ಹೋಗುವ ದಾರಿಯ ಕಥೆ ಇನ್ನೂ ಶೋಚನೀಯ. ಈ ಊರನ್ನು ಕಟ್ಟಿದವರು ಕೆರೆಯಿಂದ ಕೆರೆಗೆ ಕಾಲುವೆ ಹೊಂದಿಸಿ, ಮೇಲಿನ ಕೆರೆ ತುಂಬಿ ಕೆಳಗಿನ ಕೆರೆಗೆ ಕೋಡಿ ಹರಿಯುವಂತೆ ಮಾಡಿದ್ದರು. ಆ ರಾಜಕಾಲುವೆಗಳ ಮೇಲೆಯೂ ಕೆರೆಯಂಗಳಗಳಲ್ಲಿಯೂ ಮನೆಗಳೆದ್ದುವು. 2022ರ ಸೆಪ್ಟೆಂಬರಿನಲ್ಲಿ ಮಳೆ ಸುರಿದಾಗ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಗಳ ಕಡೆ ಕೋಟ್ಯಧೀಶರ ಬಂಗಲೆಗಳೂ ಕೂಲಿಯವರ ಶೆಡ್ಡುಗಳೂ ಒಟ್ಟಿಗೆ ಮುಳುಗಿದುವು. ಕಚೇರಿಗೆ ಹೋಗುವ ಮಹಾಶಯರು ಟ್ರ್ಯಾಕ್ಟರುಗಳನ್ನೇರಿ ಹೋದರು. ಬೆಳ್ಳಂದೂರಿನ ಕೆರೆಗೆ ಊರಿನ ಕೊಳಚೆ ಸೇರಿ, ನೊರೆಯೆದ್ದು, 2015ರಲ್ಲಿಯೂ 2017ರಲ್ಲಿಯೂ 2018ರಲ್ಲಿಯೂ ಬೆಂಕಿ ಹತ್ತಿಕೊಂಡಿತು. ನೀರಿಗೆ ಬೆಂಕಿ ಬಿದ್ದಿತೆಂದು ಪುರಾಣದಲ್ಲಿ ಓದಿದ್ದರೆ ನಾವು ನಕ್ಕುಬಿಡುತ್ತಿದ್ದೆವು. ಇಂತಹ ಕೆರೆಯ ದಿಕ್ಕಿಗೆ ತೆರೆದ ಕಿಟಕಿಯ ಮನೆಯನ್ನು ‘ಸರೋವರ ದರ್ಶನ’ವೆಂದು ಹೆಚ್ಚು ಬೆಲೆಗೆ ಮಾರುತ್ತಾರೆ.

ಹಕ್ಕುಪತ್ರಗಳ ತೊಡಕು ಬೇರೆ. ಪೇಟೆಯ ಹಳೆಯ ಮನೆಗೆ ಎರಡು ತಲೆಮಾರಿನ ಕಾಗದಗಳಿರುತ್ತವೆ. ಹೊರವಲಯದಲ್ಲಿ ನಿನ್ನೆಯವರೆಗೆ ರಾಗಿ ಬೆಳೆದ ಹೊಲವನ್ನು, ಭೂಪರಿವರ್ತನೆಯ ಆಜ್ಞೆಯಿಲ್ಲದೆಯೇ, ಸುಣ್ಣದ ಗೆರೆ ಎಳೆದು ಸೈಟುಗಳಾಗಿ ಮಾರುವುದುಂಟು. ಜನ ಇವನ್ನು ‘ರೆವಿನ್ಯೂ ಸೈಟು’ ಎನ್ನುತ್ತಾರೆ. ಪಾಲಿಕೆಯು ಇಂತಹವನ್ನು ‘ಬಿ’ ವಹಿಯಲ್ಲಿ ಬರೆದುಕೊಂಡು ತೆರಿಗೆ ವಸೂಲು ಮಾಡಿತು. ತೆರಿಗೆಯ ರಶೀದಿ ಕೈಗೆ ಬಂದ ಮಾತ್ರಕ್ಕೆ ಆಸ್ತಿ ಸಕ್ರಮವಾಯಿತೆಂದು ಎಷ್ಟೋ ಜನ ನಂಬಿದರು. ಬ್ಯಾಂಕಿಗೆ ಸಾಲಕ್ಕೆ ಹೋದಾಗ, ಮಗಳ ಮದುವೆಗೆಂದು ಮಾರಲು ಹೋದಾಗ, ಆ ನಂಬಿಕೆಯ ಬೆಲೆ ತಿಳಿಯಿತು. ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆ ನೀಡಿತು. 2025ರಲ್ಲಿ ಸರ್ಕಾರವು ಶುಲ್ಕ ಪಡೆದು ‘ಬಿ’ ಖಾತೆಯನ್ನು ‘ಎ’ ಖಾತೆಯಾಗಿಸುವ ಏರ್ಪಾಡನ್ನು ಪ್ರಕಟಿಸಿತು. ಒಂದೇ ಸೈಟಿಗೆ ಎರಡು ಸಲ ಹಣ ಕೊಡುವ ಸ್ಥಿತಿ ಬಂದಿತೆಂದು ಹಲವರು ಗೊಣಗಿದರೆ, ಕಾಗದ ಸರಿಯಾದರೆ ಸಾಕೆಂದು ಇನ್ನು ಹಲವರು ಸಾಲಿನಲ್ಲಿ ನಿಂತರು. ಇಬ್ಬರ ಮಾತಿನಲ್ಲಿಯೂ ಹುರುಳಿದೆ.

ಇಲ್ಲಿ ಮರೆಯಬಾರದವರು ಇನ್ನೊಬ್ಬರಿದ್ದಾರೆ. ನಾವು ಹೋಗಿ ಇಳಿಯುವ ‘ಹೊರವಲಯ’ವು ಯಾರದೋ ಊರು. ಅಲ್ಲಿ ಗ್ರಾಮದೇವತೆಯ ಗುಡಿಯಿದೆ, ಅರಳಿಕಟ್ಟೆಯಿದೆ, ದನ ಮೇಯುವ ಗೋಮಾಳವಿದ್ದಿತು. ಜಮೀನು ಮಾರಿದವರಲ್ಲಿ ಕೆಲವರು ಬಾಡಿಗೆಯ ಮನೆಗಳನ್ನು ಕಟ್ಟಿ ಸ್ಥಿತಿವಂತರಾದರು. ಮಾರಲು ಜಮೀನೇ ಇಲ್ಲದೆ ಕೂಲಿಯಿಂದ ಬದುಕುತ್ತಿದ್ದವರು ಆ ಹೊಲಗಳೊಡನೆ ಕೆಲಸವನ್ನೂ ಕಳೆದುಕೊಂಡರು. ಹೊಲಕ್ಕೆ ಹೋಗುತ್ತಿದ್ದ ಬಂಡಿದಾರಿ ಹೊಸ ಬಡಾವಣೆಯ ಕಾಂಪೌಂಡಿನೊಳಗೆ ಸಿಕ್ಕಿಕೊಂಡು, ಹಳ್ಳಿಯವನು ತನ್ನೂರಿನಲ್ಲಿಯೇ ಕಾವಲುಗಾರನಿಗೆ ಹೆಸರು ಬರೆಯಿಸಿ ಒಳಗೆ ಹೋಗುವ ಸ್ಥಿತಿಯೂ ಬಂದೀತು. ಹೆಸರಿನ ವಿಷಯ ಬಂದುದರಿಂದ ಹೇಳುತ್ತೇವೆ: ಸಾವಿರ ವರ್ಷದ ಹಳ್ಳಿಯ ಹೆಸರನ್ನು ಅಳಿಸಿ ಇಂಗ್ಲೆಂಡಿನದೋ ಇಟಲಿಯದೋ ತೋಟದ ಹೆಸರನ್ನು ಬಾಗಿಲ ಮೇಲೆ ಬರೆಯಿಸಿದರೆ ರಾಗಿಯ ಹೊಲದ ಮಣ್ಣು ಇಟಲಿಯದಾಗುವುದಿಲ್ಲ. ಅಂಚೆಯವನಿಗೆ ತೊಂದರೆ, ಅಷ್ಟೆ.

ನಮ್ಮ ಓದುಗರಲ್ಲಿ ಅಧಿಕಾರಿಗಳೂ ಇದ್ದಾರೆ. ಅವರೊಡನೆ ಎರಡು ಮಾತು. ನೀರು, ಒಳಚರಂಡಿ, ರಸ್ತೆಗಳಾದ ಹೊರತು ನಿವೇಶನಗಳನ್ನು ಬಿಡುಗಡೆ ಮಾಡಕೂಡದೆಂಬುದು ಹೊಸ ತತ್ತ್ವವಲ್ಲ. 1898ರವರಿಗೆ ತಿಳಿದಿದ್ದ ತತ್ತ್ವ. ಖಾಸಗಿಯವರನ್ನು ದೂರುವುದು ಸುಲಭ. ಆದರೆ ಸರ್ಕಾರದ ಪ್ರಾಧಿಕಾರವೇ ರಚಿಸಿದ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ 2016ರಲ್ಲಿ ಹಂಚಿಕೆ ಮೊದಲಾದ ಮೇಲೆಯೂ ಎಷ್ಟೋ ವರ್ಷಗಳವರೆಗೆ ಸೈಟುದಾರರು ಮೂಲ ಸೌಕರ್ಯಗಳಿಗಾಗಿ ಅಲೆದರು. ಬಾಡಿಗೆಯನ್ನೂ ಸಾಲದ ಕಂತನ್ನೂ ಒಟ್ಟಿಗೆ ಕಟ್ಟಿದ ಮಧ್ಯಮ ವರ್ಗದವರ ಆ ವರ್ಷಗಳನ್ನು ಯಾವ ಕಚೇರಿಯೂ ಹಿಂದಕ್ಕೆ ಕೊಡಲಾರದು. ದೂರು ಹೇಳಿಕೊಳ್ಳಲು ಪ್ರತಿನಿಧಿಯಾದರೂ ಬೇಕಷ್ಟೆ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿಯಿತು. ಅನಂತರ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯನ್ನೇ ಐದು ನಗರಪಾಲಿಕೆಗಳಾಗಿ ವಿಭಾಗಿಸಿದರು. ಮೋರಿ ಒಡೆದರೆ ಒಳಗಿನ ಊರಿನವನು ಪರಿಚಯದ ಇಂಜಿನಿಯರನ್ನು ಹುಡುಕಿಯಾನು. ನಿನ್ನೆ ಬಂದು ನೆಲಸಿದ ಹೊರಗಿನವನಿಗೆ ವಾರ್ಡಿನ ಸದಸ್ಯನೇ ಆಸರೆ, ಮತ್ತು ಅವನಿಗೇ ಆ ಐದು ವರ್ಷ ಸದಸ್ಯನಿರಲಿಲ್ಲ.

ಹಾಗಾದರೆ ಹೋಗಬಹುದೇ, ಬಾರದೇ? ಉದ್ಯೋಗ ಆ ದಿಕ್ಕಿನಲ್ಲಿಯೇ ಇದ್ದು, ಅಥವಾ ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುವಂತಿದ್ದು, ಕಾವೇರಿಯ ಸಂಪರ್ಕವೂ ಒಳಚರಂಡಿಯೂ ಕಣ್ಣಿಗೆ ಕಾಣುವಂತಿದ್ದರೆ ಹೋಗುವುದೇ ಸರಿ. ಬಾಡಿಗೆಯ ಬಾಳಿಗೆ ಅಂಟಿಕೊಂಡಿರಲು ಕಾರಣವಿಲ್ಲ. ಈ ಮೂರರಲ್ಲಿ ಎರಡು ಇಲ್ಲದಿದ್ದರೆ ಕೊಳ್ಳುವುದಕ್ಕೆ ಮೊದಲು ಅದೇ ಬಡಾವಣೆಯಲ್ಲಿ ಒಂದು ವರ್ಷ ಬಾಡಿಗೆಗಿದ್ದು ನೋಡುವುದು ಲೇಸು. ಜಾಗ ನೋಡಲು ಭಾನುವಾರದ ಬೆಳಗ್ಗೆ ಮಾರುವವರ ಕಾರಿನಲ್ಲಿ ಹೋಗಕೂಡದು. ಸೋಮವಾರ ಸಂಜೆ ಆರು ಗಂಟೆಗೆ ಬಸ್ಸಿನಲ್ಲಿ ಹೋಗಬೇಕು. ಮಳೆ ಬಿದ್ದ ಮರುದಿನ ಇನ್ನೊಮ್ಮೆ ಹೋಗಬೇಕು. ಏಪ್ರಿಲಿನಲ್ಲಿ ಅಲ್ಲಿಯ ಕಿರಾಣಿ ಅಂಗಡಿಯವನನ್ನು ವಾರಕ್ಕೆ ಎಷ್ಟು ಟ್ಯಾಂಕರು ಬರುತ್ತವೆಂದು ಕೇಳಬೇಕು. ಕಂದಾಯ ಇಲಾಖೆಯ ಗ್ರಾಮನಕ್ಷೆಯನ್ನು ತೆಗೆಯಿಸಿ ಕೆರೆಯೂ ಕಾಲುವೆಯೂ ಎಲ್ಲಿದ್ದುವೆಂಬುದನ್ನು ನೋಡಬೇಕು. ಭೂಪರಿವರ್ತನೆಯ ಆಜ್ಞೆ, ಋಣಭಾರ ಪತ್ರ, 2016ರ ಕೇಂದ್ರ ಶಾಸನದ ಪ್ರಕಾರ ರೇರಾ ನೋಂದಣಿ, ಇವನ್ನು ಮಾರುವವರ ವಕೀಲನಲ್ಲದೆ ಬೇರೊಬ್ಬ ವಕೀಲನಿಗೆ ತೋರಿಸಬೇಕು. ಮತ್ತು ಜಾಗ ನೋಡಲು ಹೆಂಡತಿಯನ್ನೂ ತಂದೆತಾಯಿಗಳನ್ನೂ ಕರೆದುಕೊಂಡು ಹೋಗಬೇಕು. ಹಗಲೆಲ್ಲ ಅಲ್ಲಿರುವವರು ಅವರು.

ಮುಂದೆ ಬರಲಿರುವ ಅನುಕೂಲಗಳನ್ನು ತೋರಿಸಿ ಇಂದಿನ ಬೆಲೆ ಏರಿಸುವುದು ಈ ವ್ಯಾಪಾರದ ಪದ್ಧತಿ. ಉಪನಗರ ರೈಲಿಗೆ 2022ರ ಜೂನಿನಲ್ಲಿ ಪ್ರಧಾನಮಂತ್ರಿಗಳು ಶಂಕುಸ್ಥಾಪನೆ ಮಾಡಿದರು. ನಾಲ್ಕು ಮಾರ್ಗಗಳು, ಒಟ್ಟು ಸುಮಾರು 148 ಕಿಲೋಮೀಟರು. ಹೀಲಲಿಗೆ, ರಾಜಾನುಕುಂಟೆ, ಚಿಕ್ಕಬಾಣಾವರ, ದೇವನಹಳ್ಳಿಗಳೆಲ್ಲ ಅದರಲ್ಲಿ ಸೇರಿವೆ. 2025ರ ವರ್ಷ ಮುಗಿದರೂ ಆ ಮಾರ್ಗಗಳಲ್ಲಿ ಒಂದು ಬಂಡಿಯೂ ಓಡಿರಲಿಲ್ಲ. ಹೀಲಲಿಗೆಯಲ್ಲಿ ಸೈಟು ಕೊಳ್ಳುವವನು ಆ ರೈಲನ್ನು ಸದ್ಯಕ್ಕೆ ಲೆಕ್ಕಕ್ಕೆ ಹಿಡಿಯದೆ, ಇಂದು ಓಡುತ್ತಿರುವ ಬಸ್ಸಿನ ವೇಳಾಪಟ್ಟಿಯನ್ನು ನೋಡಿಕೊಂಡು ಬೆಲೆ ಮಾತಾಡಲಿ.